ಬೊಳ್ಳಿ ಬಿದ್ದ ಬೆಳಗು

ಪಂಜ
೯–೧೦–೧೯೬೩

ಗೆಳೆಯ ಗೌರೀಶಂಕರನಿಗೆ,

ಪಂಜದ ಟೈಲರ್ ಮೂಸಕುಂಞಿಯ ಸಲಾಂ. ಪುತ್ತೂರಿನ ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕುಳಿತು, ನಿನ್ನ ಲೆಕ್ಕ ನೋಡಿ ಬರೆದು, ನಿನಗಿಂತ ಹೆಚ್ಚು ಮಾರ್ಕು ತೆಗೆದವನು ಎಂದರೆ ನೆನಪಾದೀತು. ಇಷ್ಟು ವರ್ಷ ಒಂದು ಕಾರ್ಡು ಹಾಕದವನು ಈಗ ಬರೆಯುತ್ತಿದ್ದಾನೆ ಎಂದರೆ ಏನೋ ಕೆಲಸ ಇರಬೇಕು ಎಂದು ನೀನು ಊಹಿಸಿರುತ್ತೀ. ಊಹೆ ಸರಿ.

ಮೊನ್ನೆ ಬಟ್ಟೆ ತರಲು ಪುತ್ತೂರಿನ ದರ್ಬೆಗೆ ಹೋಗಿದ್ದಾಗ ನಿನ್ನ ತಂದೆ ವೆಂಕಟ್ರಮಣಯ್ಯನವರು ನರಿಮೊಗರಿನಿಂದ ಬಂದವರು ಸಿಕ್ಕಿದರು. ನಿನ್ನ ವಿಷಯ ಕೇಳಿದೆ. "ಕಲ್ಕತ್ತೆಯಲ್ಲಿ ಕಲ್ಲು ಒಡೀತಾ ಇದ್ದಾನೆ ಮಾರಾಯ. ಅದಕ್ಕೆ ಎಮ್ಮೆಸ್ಸಿ ಬೇಕಿತ್ತಾ? ಇಲ್ಲೇ ರೋಡಿನ ಕೆಲಸಕ್ಕೆ ಸೇರಬಹುದಿತ್ತು" ಎಂದರು. ಆಮೇಲೆ, ಅದು ಆಕಾಶದಿಂದ ಬಿದ್ದ ಕಲ್ಲು ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ನಾನು ಅಲ್ಲೇ ಬಟ್ಟೆಯ ಕಟ್ಟು ಕೆಳಗಿಟ್ಟು ನಿನ್ನ ವಿಳಾಸ ಬರೆದುಕೊಂಡೆ.

ನಮ್ಮ ಮನೆಯಲ್ಲಿ ಅಂಥ ಒಂದು ಕಲ್ಲು ಉಂಟು.

ಎರಡೂವರೆ ವರ್ಷದ ಹಿಂದೆ, ಬೆಳಗಿನ ಸುಬಹಿ ನಮಾಜಿನ ಮೊದಲು ನನ್ನ ಉಮ್ಮ ಅಲೀಮಮ್ಮ ಬಾವಿಕಟ್ಟೆಯಲ್ಲಿ ಕೈಕಾಲು ತೊಳೆಯುತ್ತಿದ್ದರು. ಆಕಾಶದಲ್ಲಿ ಪೆಟ್ರೋಮ್ಯಾಕ್ಸ್ ಹೊತ್ತಿಸಿದಂಥ ಬೆಳಕು ಬಂತಂತೆ. ಆಮೇಲೆ ಜಾತ್ರೆಯ ಕದಿನ ಸಿಡಿದಂಥ ಸದ್ದು. ಅದನ್ನು ನಾನೂ ಕೇಳಿದೆ. ಓಡಿ ಬಂದು ನೋಡಿದರೆ ಬಸಳೆ ಚಪ್ಪರ ತೂತಾಗಿತ್ತು, ಕೆಳಗೆ ಮಣ್ಣಿನಲ್ಲಿ ಕರಿಯ ಕಲ್ಲೊಂದು ಹೂತಿತ್ತು. ಉಮ್ಮ ಬೇಲಿಯಾಚೆಯ ನೆರೆಯವರನ್ನು ಕೂಗಿ ತುಳುವಿನಲ್ಲಿ ಹೇಳಿದರು: "ಬೊಳ್ಳಿ ಬೂರ್ಂಡ್!"

ಬೆಳಗಿನ ಜಾವದ ಬೆಳ್ಳಿ ನಕ್ಷತ್ರವೇ ಕಳಚಿ ಬಿತ್ತು ಎಂದು ಪಾಪ ಅವರು ಹೇಳಿದ್ದು. ಆದರೆ ತುಳುವಿನಲ್ಲಿ ನಕ್ಷತ್ರವೂ ಬೊಳ್ಳಿ, ಕಾಲಿನ ಗೆಜ್ಜೆಯ ಬೆಳ್ಳಿಯೂ ಬೊಳ್ಳಿ. ಮಧ್ಯಾಹ್ನದೊಳಗೆ ಅಲೀಮಮ್ಮನ ಅಂಗಳದಲ್ಲಿ ಬೆಳ್ಳಿಯ ಗಟ್ಟಿ ಬಿದ್ದಿದೆ ಎಂದು ಸುಬ್ರಹ್ಮಣ್ಯದವರೆಗೆ ಸುದ್ದಿ ಹೋಯಿತು. ಬಂದವರೊಬ್ಬರು ಕಲ್ಲಿನ ಮೂಲೆ ಒಡೆದು ನೋಡಿದರು. ಒಳಗೆ ಬೂದು ಬಣ್ಣ, ಅದರಲ್ಲಿ ಅಲ್ಲಲ್ಲಿ ಮಿಂಚುವ ಚುಕ್ಕಿ. ಕೇಳಬೇಕೇ!

ಕಳೆದ ವರ್ಷ ಮಳೆಗಾಲದಲ್ಲಿ ಉಮ್ಮ ತೀರಿಹೋದರು. ಹೋಗುವ ಮೊದಲು ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದ ಆ ಕಲ್ಲನ್ನು ನನ್ನ ಕೈಯಲ್ಲಿ ಕೊಟ್ಟರು. ಕಡಬದಲ್ಲಿರುವ ನನ್ನ ಅಕ್ಕ ಪಾತು ಬಂದು ತಲುಪುವಾಗ ಎಲ್ಲ ಮುಗಿದಿತ್ತು. ಅವಳ ಕಿವಿಗೆ ಮೊದಲು ಬಿದ್ದ ಮಾತು, "ಉಮ್ಮ ಬೊಳ್ಳಿಯನ್ನು ಮಗನಿಗೆ ಕೊಟ್ಟು ಹೋದರು" ಎಂದು. ನಾನು ಕಲ್ಲು ತೋರಿಸಿದೆ. ಅವಳು ಒಡೆದ ಮೂಲೆಯನ್ನು ನೋಡಿ, "ಬೆಳ್ಳಿ ತೆಗೆದು ಉಳಿದದ್ದನ್ನು ತೋರಿಸ್ತಿಯಾ?" ಎಂದಳು. ಅಂದಿನಿಂದ ನನ್ನೊಡನೆ ಮಾತಿಲ್ಲ.

ನನ್ನ ಮಗಳು ನಫೀಸಳ ಮದುವೆ ಪೆರ್ನಾಲ್ ಹಬ್ಬ ಕಳೆದ ಮೇಲೆ. ನಮ್ಮ ಮನೆಯಲ್ಲಿ ಮದುಮಗಳ ಕೈಗೆ ಮೊದಲ ಮದರಂಗಿ ಇಡುವುದು ಅವಳ ಸೋದರತ್ತೆ. ಪಾತು ಬಾರದೆ ಆ ಕೈಗೆ ಬೇರೆಯವರು ಮದರಂಗಿ ಇಟ್ಟರೆ ನಾನು ನೋಡಲಾರೆ ಶಂಕರ. ಆ ಕಲ್ಲಿನಲ್ಲಿ ಬೆಳ್ಳಿ ಇಲ್ಲ ಎಂದು ನೀನು ಒಂದು ಮಾತು ಬರೆದು ಕೊಡಬೇಕು. ಕಲಿತವರ ಮಾತಿಗೆ ಅವಳು ಬೆಲೆ ಕೊಡುತ್ತಾಳೆ. ನನ್ನ ಮಾತಿಗೆ ಕೊಡುವುದಿಲ್ಲ.

ನಿನ್ನ ಉತ್ತರಕ್ಕೆ ಕಾಯುವ,
ಮೂಸಕುಂಞಿ


ಕಲ್ಕತ್ತೆ
೨೪–೧೦–೧೯೬೩

ಪ್ರಿಯ ಮೂಸ,

ನಿನ್ನ ಕಾಗದ ಓದುತ್ತಾ ನಾನು ಕುರ್ಚಿಯಿಂದ ಎದ್ದು ನಿಂತೆ. ಪಕ್ಕದ ಮೇಜಿನ ಬಂಗಾಲಿ, ಊರಿನಿಂದ ಕೆಟ್ಟ ಸುದ್ದಿ ಬಂದಿದೆ ಎಂದುಕೊಂಡು ನೀರು ತಂದುಕೊಟ್ಟ.

ಅಲೀಮಮ್ಮ ಇಲ್ಲ ಎಂದು ತಿಳಿದು ಸಂಕಟವಾಯಿತು. ಒಮ್ಮೆ ನಿನ್ನ ಜೊತೆ ಪಂಜಕ್ಕೆ ಬಂದಿದ್ದಾಗ, ಮಡಿಯವರ ಮನೆಯ ಹುಡುಗ ಏನೂ ತಿನ್ನಲಾರನೆಂದು ಅವರು ಎಳನೀರು ಇಳಿಸಿ, ತಾವು ಮುಟ್ಟದ ಹಾಗೆ ನನ್ನ ಕೈಯಿಂದಲೇ ಕೆತ್ತಿಸಿದ್ದರು. ನನಗೆ ನಾಚಿಕೆಯಾಗಿತ್ತು. ಅವರು ನಗುತ್ತಿದ್ದರು.

ಈಗ ಕಲ್ಲಿನ ವಿಷಯ. ಹೆಣ್ಣು ನೋಡಲು ಬಂದವರ ಹಾಗೆ ವಿಚಾರಿಸುತ್ತೇನೆ, ಬೇಸರ ಮಾಡಬೇಡ. ಮೇಲಿನ ಕರಿ ಸಿಪ್ಪೆ ಬೆರಳಿನ ಉಗುರಿನಷ್ಟು ತೆಳ್ಳಗಿದೆಯೇ? ಅದೇ ಗಾತ್ರದ ಬೇರೆ ಕಲ್ಲಿಗಿಂತ ತೂಕ ಹೆಚ್ಚೇ? ಸೂಜಿ ಹೆಕ್ಕುವ ಅಯಸ್ಕಾಂತ ನಿನ್ನ ಅಂಗಡಿಯಲ್ಲಿ ಇದ್ದೇ ಇರುತ್ತದೆ, ಅದನ್ನು ಹತ್ತಿರ ಹಿಡಿದು ನೋಡು. ಎಳೆದರೆ ಆ ಮಿಂಚುವ ಚುಕ್ಕಿ ಬೆಳ್ಳಿಯಲ್ಲ, ಕಬ್ಬಿಣ.

ಆದರೆ ನೋಡದೆ ನಾನು ಏನನ್ನೂ ಬರೆದು ಕೊಡಲಾರೆ. ಕಲ್ಲನ್ನು ಕಳಿಸು. ಇನ್ನೊಂದು ಮಾತು, ಅದನ್ನು ಕೊಯ್ಯದೆ ಒಳಗೆ ಏನಿದೆ ಎಂದು ಹೇಳುವುದು ಸಾಧ್ಯವಿಲ್ಲ. ನಿಮ್ಮ ಉಮ್ಮ ಕೊಟ್ಟ ವಸ್ತು. ಮನೆಯಲ್ಲಿ ಎಲ್ಲರನ್ನೂ ಕೇಳಿ ನಿರ್ಧರಿಸು.

ನಿನ್ನ,
ಗೌರೀಶಂಕರ


ಪಂಜ
೧೮–೧೧–೧೯೬೩

ಪ್ರಿಯ ಶಂಕರ,

ಅಯಸ್ಕಾಂತ ಹಿಡಿದೆ. ಕಲ್ಲು ಅದನ್ನು ಹಿಡಿದುಕೊಂಡು ಬಿಡಲಿಲ್ಲ. ನನ್ನ ಹೆಂಡತಿ ಆಸ್ಯಮ್ಮ, "ಪಾತಕ್ಕನ ಹಾಗೆಯೇ ಹಟ" ಎಂದಳು.

ಕೊಯ್ಯುವ ಮಾತು ಓದಿ ಕಲ್ಲನ್ನು ತಿರುಗಿ ಕಪಾಟಿನಲ್ಲಿಟ್ಟೆ. ದಿನವೂ ಬಟ್ಟೆ ಕತ್ತರಿಸುವವನು ನಾನು, ಕತ್ತರಿಗೆ ಹೆದರುವವನಲ್ಲ. ಆದರೂ ಇದು ಉಮ್ಮನ ತಲೆದಿಂಬಿನ ಪಕ್ಕ ಇದ್ದದ್ದು. ಕೊನೆಗೆ ಆಸ್ಯಮ್ಮನೇ ಗದರಿದಳು. "ಕಲ್ಲು ಇಡೀ ಉಳಿದು ಅಕ್ಕ ತಮ್ಮ ಎರಡು ತುಂಡಾದರೆ ಎಂತ ಪ್ರಯೋಜನ? ಕಳಿಸಿ."

ಅಕ್ಕನನ್ನೂ ಕೇಳೋಣ ಎಂದು ಕಡಬಕ್ಕೆ ಹೋದೆ. ಅವಳ ಗಂಡ ಅಬ್ಬಾಸ್ ಭಾವ ಜಗಲಿಯಲ್ಲಿ ಕೂರಿಸಿ ಅಡಿಕೆಯ ಧಾರಣೆ, ಹಾಳಾದ ರಸ್ತೆ, ಎಲ್ಲ ಮಾತಾಡಿದರು. ಬಾಗಿಲ ಹಿಂದೆ ಅಕ್ಕನ ಬಳೆಯ ಸದ್ದು ಕೇಳುತ್ತಿತ್ತು. ಚಹಾ ಕಳಿಸಿದಳು, ನನಗೆ ಬೇಕಾದಷ್ಟೇ ಸಕ್ಕರೆ ಹಾಕಿ. ಮುಖ ಮಾತ್ರ ತೋರಿಸಲಿಲ್ಲ. ಒಳಗಿನಿಂದಲೇ ಭಾವನಿಗೆ ಕೇಳುವ ಹಾಗೆ ಹೇಳಿದಳು, "ಅವನ ವಸ್ತು ಅವನು ಎಂತ ಬೇಕಾದರೂ ಮಾಡಲಿ." ಅಷ್ಟಾದರೂ ಹೇಳಿದಳಲ್ಲ ಎಂದು ಸಂತೋಷಪಟ್ಟೆ.

ಕೋಟಿನ ಒಳಬಟ್ಟೆಯಿಂದ ಒಂದು ಚೀಲ ಹೊಲಿದು, ಕಲ್ಲನ್ನು ಅದರಲ್ಲಿಟ್ಟು, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹಾಕಿ ಪುತ್ತೂರಿನ ಅಂಚೆ ಕಚೇರಿಗೆ ಕೊಂಡುಹೋದೆ. ಗುಮಾಸ್ತರು ಎತ್ತಿ ನೋಡಿ, "ಎಂತ ಉಂಟು ಇದರಲ್ಲಿ?" ಎಂದರು. ಕಲ್ಲು ಎಂದೆ. "ಕಲ್ಕತ್ತೆಯಲ್ಲಿ ಕಲ್ಲು ಸಿಗುದಿಲ್ವಾ ಮಾರಾಯ್ರೆ?" ಎಂದು ಸೀಲು ಹೊಡೆದರು.

ನಿನ್ನ ಕೈಗೆ ಒಪ್ಪಿಸಿದ್ದೇನೆ. ಜೋಪಾನ.

ಮೂಸಕುಂಞಿ


ಕಲ್ಕತ್ತೆ
೧೬–೧–೧೯೬೪

ಪ್ರಿಯ ಮೂಸ,

ತಡವಾಯಿತು. ಆದರೆ ಈ ಒಂದೂವರೆ ತಿಂಗಳಿನಷ್ಟು ಸುಖವಾಗಿ ನಾನು ಈ ಊರಿನಲ್ಲಿ ಕೆಲಸ ಮಾಡಿದ್ದಿಲ್ಲ. ಇಲ್ಲಿಯವರೆಗೆ ಬೇರೆಯವರು ಬರೆದಿಟ್ಟುಹೋದ ಕಲ್ಲುಗಳ ಪುಡಿಯನ್ನು ತೂಗುವುದೇ ನನ್ನ ಕೆಲಸವಾಗಿತ್ತು. ಇಡೀ ಕಲ್ಲು, ಅದೂ ನನ್ನ ಊರಿನ ಕಡೆಯ ಕಲ್ಲು, ನನ್ನ ಹೆಸರಿಗೆ ಬಂದದ್ದು ಇದೇ ಮೊದಲು. ನಮ್ಮ ಕಚೇರಿಯ ದೊಡ್ಡವರು, "ನಿಮ್ಮ ಗೆಳೆಯ ಕಳಿಸಿದ್ದು, ನೀವೇ ನೋಡಿ" ಎಂದು ಬಿಟ್ಟುಕೊಟ್ಟರು. ಇದಕ್ಕೆ ನಾನು ನಿನಗೆ ಎಷ್ಟು ಋಣಿ ಎಂದು ಬರೆಯಲು ಹೋದರೆ ನೀನು ಗೇಲಿ ಮಾಡುತ್ತೀ, ಆದರೂ ಬರೆದಿದ್ದೇನೆ.

ಕಲ್ಲನ್ನು ಕೊಯ್ದೆವು. ಒಂದು ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗಾಗುವವರೆಗೆ ಉಜ್ಜಿದೆ. ಅಷ್ಟು ತೆಳ್ಳಗಾದರೆ ಕಲ್ಲಿನೊಳಗೂ ಬೆಳಕು ಹಾಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ತುಂಬ ದುಂಡನೆಯ ಕಾಳುಗಳು, ಸಾಬಕ್ಕಿ ಪಾಯಸ ತಣಿದು ಗಟ್ಟಿಯಾದ ಹಾಗೆ. ಬೆಳಕನ್ನು ಒಂದು ರೀತಿಯಲ್ಲಿ ತಿರುಗಿಸಿದರೆ ಒಂದೊಂದು ಕಾಳಿಗೂ ನೀಲಿ, ಹಳದಿ, ಕೆಂಪು. ನಿನ್ನ ಹೊಲಿಗೆ ಯಂತ್ರದ ಕೆಳಗೆ ಬೀಳುವ ರೇಷ್ಮೆ ಚೂರುಗಳ ರಾಶಿ ನೆನಪಾಯಿತು.

ಈ ಕಾಳಿಗೆ ಕಾಂಡ್ರೂಲ್ ಎನ್ನುತ್ತಾರೆ. ಗ್ರೀಕರ ಭಾಷೆಯಲ್ಲಿ ಕಾಳು ಎಂದೇ ಅರ್ಥ. ಇಂಥ ಕಾಳುಗಳುಳ್ಳ ಕಲ್ಲು ಕಾಂಡ್ರೈಟ್. ಒಂದು ಕಾಲದಲ್ಲಿ ಇವು ಕರಗಿದ ಕಲ್ಲಿನ ಹನಿಗಳು. ನೆಲವೇ ಇಲ್ಲದ ಕಡೆ ತೇಲುತ್ತಾ ತಣಿದದ್ದರಿಂದ ದುಂಡಗಾದವು. ಆಮೇಲೆ ಧೂಳಿನ ಜೊತೆ ಸೇರಿ ಅಂಟಿಕೊಂಡು ಕಲ್ಲಾದವು. ಅವುಗಳನ್ನು ಕರಗಿಸಿದ ಬೆಂಕಿ ಯಾವುದು? ಹೊಸದಾಗಿ ಹುಟ್ಟಿದ ಸೂರ್ಯನ ಸುತ್ತಲಿದ್ದ ಬಿಸಿ ಅನಿಲ ಎನ್ನುತ್ತಾರೆ ಕೆಲವರು. ಸಣ್ಣ ಗ್ರಹಗಳು ಒಂದಕ್ಕೊಂದು ಬಡಿದದ್ದು ಎನ್ನುತ್ತಾರೆ ಇನ್ನು ಕೆಲವರು. ಜ್ವಾಲಾಮುಖಿ ಎನ್ನುವವರೂ ಇದ್ದಾರೆ. ಸಭೆಗಳಲ್ಲಿ ಪರಸ್ಪರ ಮುಖ ನೋಡದಷ್ಟು ಜಗಳ. ನಿಮ್ಮ ಮನೆಯೊಂದರಲ್ಲೇ ಅಲ್ಲ ಮೂಸ.

ಇಂಥ ಕಲ್ಲುಗಳ ವಯಸ್ಸು ನಾನೂರೈವತ್ತು ಕೋಟಿ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಭೂಮಿ ಕೂಡ ಇಂಥ ಸಾಮಗ್ರಿಯಿಂದಲೇ ಆದದ್ದು. ಆದರೆ ಭೂಮಿ ಒಮ್ಮೆ ಒಳಗಿನಿಂದ ಕರಗಿ ಎಲ್ಲವನ್ನೂ ಕಲಸಿಬಿಟ್ಟಿತು. ನಿಮ್ಮ ಬಾವಿಕಟ್ಟೆಯ ಕಲ್ಲಿನಲ್ಲಾಗಲಿ, ಕುಮಾರಧಾರೆಯ ಕಲ್ಲಿನಲ್ಲಾಗಲಿ ಈ ಕಾಳು ಸಿಗುವುದಿಲ್ಲ.

ಈಗ ನೀನು ಕೇಳಿದ್ದು. ಮಿಂಚುವ ಚುಕ್ಕಿಗಳು ಕಬ್ಬಿಣ ಮತ್ತು ನಿಕ್ಕಲ್ ಬೆರೆತ ಲೋಹ. ಸ್ವಲ್ಪ ಹಿತ್ತಾಳೆಯ ಬಣ್ಣದ್ದು ಗಂಧಕ ಸೇರಿದ ಕಬ್ಬಿಣ. ಕಾಳುಗಳಲ್ಲಿ ಇರುವುದು ಮುಖ್ಯವಾಗಿ ಮೆಗ್ನೀಷಿಯಂ, ಕಬ್ಬಿಣ, ಸಿಲಿಕಾನ್, ಆಮ್ಲಜನಕ. ಕಲ್ಲಿನಿಂದ ಯಾರೂ ಏನನ್ನೂ ತೆಗೆದಿಲ್ಲ. ಒಡೆದ ಆ ಒಂದು ಮೂಲೆ ಬಿಟ್ಟರೆ ಸುತ್ತಲೂ ಸಿಪ್ಪೆ ಹಾಗೆಯೇ ಇದೆ. ಬೆಳ್ಳಿಯ ಮಟ್ಟಿಗೆ ಹೇಳುವುದಾದರೆ, ಹೊರದೇಶಗಳಲ್ಲಿ ಇಂಥ ಕಲ್ಲುಗಳನ್ನು ಪರೀಕ್ಷಿಸಿದವರಿಗೆ ಬೆಳ್ಳಿ ಸಿಕ್ಕಿದ್ದುಂಟು. ಎಷ್ಟು ಎಂದರೆ, ಒಂದು ಲಾರಿ ತುಂಬ ಇಂಥ ಕಲ್ಲು ಕರಗಿಸಿದರೆ ಒಂದು ಚಿಟಿಕೆ ಉಪ್ಪಿನಷ್ಟು.

ಅಕ್ಕನಿಗೆ ಇದನ್ನು ಓದಿ ಹೇಳು.

ಕೃತಜ್ಞ,
ಗೌರೀಶಂಕರ


ಪಂಜ
೨–೨–೧೯೬೪

ಶಂಕರಾ,

ನಿನ್ನನ್ನು ಎಂತ ಮಾಡಬೇಕು ಮಾರಾಯ? ಇಡೀ ಕಾಗದ ಓದುತ್ತಾ ಕಣ್ಣಲ್ಲಿ ನೀರು ಬಂತು. ನಾನೂರೈವತ್ತು ಕೋಟಿ ವರ್ಷ ಹಳೆಯ ವಸ್ತು ನಮ್ಮ ಬಸಳೆ ಚಪ್ಪರಕ್ಕೆ ಬಂದು ಬಿತ್ತಲ್ಲ ಎಂದು ಎದೆ ತುಂಬಿತು. ಆಸ್ಯಮ್ಮನಿಗೆ ಓದಿ ಹೇಳಿದೆ, ನಫೀಸಳಿಗೆ ಓದಿ ಹೇಳಿದೆ. ಅಷ್ಟೆಲ್ಲ ಚೆಂದ ಬರೆದವನು ಕೊನೆಯಲ್ಲಿ ಆ ಚಿಟಿಕೆ ಬೆಳ್ಳಿಯನ್ನು ಯಾಕೆ ತಂದು ಹಾಕಿದೆ?

ನಾನು ಕೇಳಿದ್ದು ‘ಬೆಳ್ಳಿ ಇಲ್ಲ’ ಎಂಬ ಎರಡು ಪದ. ನೀನು ‘ಸಿಕ್ಕಿದ್ದುಂಟು’ ಎಂದೆ. ಪಾತು ಅಷ್ಟನ್ನೇ ಹಿಡಿದುಕೊಳ್ಳುತ್ತಾಳೆ. ಲಾರಿಯೂ ಕಾಣುವುದಿಲ್ಲ, ಚಿಟಿಕೆಯೂ ಕಾಣುವುದಿಲ್ಲ. ಆ ನಾಲ್ಕು ಸಾಲು ಬಿಟ್ಟು ಇನ್ನೊಂದು ಕಾಗದ ಬರೆದು ಕಳಿಸು. ನೋಂಬು ಹಿಡಿದು ಉಪವಾಸ ಇರುವವನ ಹತ್ತಿರ ಸುಳ್ಳು ಓದಿಸಬೇಡ, ಸತ್ಯದಲ್ಲಿ ಸ್ವಲ್ಪ ಕಡಿಮೆ ಬರೆ, ಅಷ್ಟೆ. ಉದ್ದವಾದ ಪೈಜಾಮವನ್ನು ಗಿಡ್ಡ ಮಾಡಿದರೆ ಅದು ಪೈಜಾಮವೇ ಅಲ್ಲವೇ?

ಮದುವೆ ಮಾರ್ಚ್ ಮೂರನೇ ವಾರಕ್ಕೆ ನಿಶ್ಚಯವಾಗಿದೆ. ನನಗೆ ನಿದ್ರೆ ಇಲ್ಲ.

ಮೂಸಕುಂಞಿ


ಕಲ್ಕತ್ತೆ
೧೯–೨–೧೯೬೪

ಪ್ರಿಯ ಮೂಸ,

ಪೆರ್ನಾಲ್ ಚೆನ್ನಾಗಿ ಕಳೆಯಿತೆಂದು ನಂಬಿದ್ದೇನೆ.

ಇನ್ನೊಂದು ಕಾಗದ ಬರೆಯಲು ಕುಳಿತೆ. ಆಗಲಿಲ್ಲ. ‘ಬೆಳ್ಳಿ ಇಲ್ಲ’ ಎಂದು ಬರೆದು ಸಹಿ ಹಾಕಿದರೆ ಅದು ನನ್ನ ಕೆಲಸವಾಗುವುದಿಲ್ಲ, ನಿನ್ನ ಅಕ್ಕನಿಗೆ ಮಾಡುವ ಮೋಸವಾಗುತ್ತದೆ. ನಾಳೆ ಯಾರಾದರೂ ಓದಿದವರು ಅವರ ಹತ್ತಿರ ಆ ಚಿಟಿಕೆಯ ಮಾತೆತ್ತಿದರೆ ನೀನು ಎರಡನೇ ಸಲ ಕಳ್ಳನಾಗುತ್ತೀ. ಪೂರ್ತಿ ಓದು. ತಪ್ಪು ತಿಳಿದರೆ ಬೈಗುಳಕ್ಕೆ ನನ್ನ ವಿಳಾಸ ಕೊಡು.

ಇದರ ಜೊತೆ ಗಾಜಿಗೆ ಅಂಟಿಸಿದ ಒಂದು ಬಿಲ್ಲೆ ಕಳಿಸಿದ್ದೇನೆ. ಬಿಸಿಲಿಗೆ ಹಿಡಿದರೆ ಬರಿಗಣ್ಣಿಗೂ ಕಾಳು ಕಾಣುತ್ತದೆ. ಉಳಿದ ಕಲ್ಲಿನ ಒಂದು ಭಾಗ ಇಲ್ಲಿಯೇ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಇರಲಿ ಎಂದು ನಮ್ಮ ದೊಡ್ಡವರ ಆಸೆ. ಅದಕ್ಕೆ ಅಲೀಮಮ್ಮನ ಮಕ್ಕಳಿಬ್ಬರ ಒಪ್ಪಿಗೆಯೂ ಬೇಕು, ನಿನ್ನೊಬ್ಬನದು ಸಾಲದು. ಒಪ್ಪಿದರೆ, ಬಿದ್ದದ್ದನ್ನು ಮೊದಲು ಕಂಡವರು ಎಂದು ಅಲೀಮಮ್ಮನ ಹೆಸರನ್ನು ಪಕ್ಕದಲ್ಲಿ ಬರೆಯುತ್ತೇವೆ. ಇಂಗ್ಲಿಷಿನ ಕೆಳಗೆ ಕನ್ನಡದಲ್ಲಿ ನಾನೇ ಬರೆಯುತ್ತೇನೆ.

ಧೈರ್ಯ ತಂದುಕೊಂಡು ಹೋಗು.

ನಿನ್ನ,
ಗೌರೀಶಂಕರ


ಪಂಜ
೯–೩–೧೯೬೪

ಪ್ರಿಯ ಶಂಕರ,

ಹೋಗಿ ಬಂದೆ.

ಅಕ್ಕ ಜಗಲಿಯಲ್ಲೇ ಗೆರಸೆ ಹಿಡಿದು ಅಕ್ಕಿ ಗೇರುತ್ತಿದ್ದಳು. ನನ್ನನ್ನು ಕಂಡು ಒಳಗೆ ಹೋಗಲು ಎದ್ದಳು. ಅಬ್ಬಾಸ್ ಭಾವ, "ಕೂತ್ಕೋ, ಕಲ್ಕತ್ತೆಯಿಂದ ಬಂದ ಕಾಗದ ಅಂತೆ" ಎಂದರು. "ಓದಲಿ, ಬಂದದ್ದು ಅದಕ್ಕೇ ಅಲ್ವಾ?" ಎಂದಳು. ಕೈ ನಿಲ್ಲಿಸಲಿಲ್ಲ.

ಓದಿದೆ. ಕಾಳು, ಕಾಳಿನ ಬಣ್ಣ, ಸೂರ್ಯ, ಬೆಂಕಿ. ಗೆರಸೆಯ ಸದ್ದು ಮೆಲ್ಲಮೆಲ್ಲನೆ ನಿಂತಿತು. ಬೆಳ್ಳಿಯ ಸಾಲು ಬಂತು, ನಿಲ್ಲಿಸಿದೆ. ಹಾರಿಸಿಬಿಡೋಣ ಎನಿಸಿತು, ಸುಳ್ಳು ಹೇಳುವುದಿಲ್ಲ. ಅವಳಿಗೆ ನನ್ನ ಮುಖ ಗೊತ್ತಲ್ಲ. "ಎಂತ ನಿಲ್ಲಿಸಿದ್ದು? ಅಲ್ಲಿ ಎಂತದೋ ಉಂಟು. ಓದು" ಎಂದಳು. ಕಣ್ಣು ಮುಚ್ಚಿಕೊಂಡ ಹಾಗೆ ಓದಿಬಿಟ್ಟೆ.

"ಲಾರಿ ತುಂಬ ಕಲ್ಲಿಗೆ ಒಂದು ಚಿಟಿಕೆಯಾ?" ಎಂದು ಕೇಳಿದಳು.

"ಹೌದು."

"ಹಾಗಾದರೆ ನಿನ್ನ ಕಲ್ಲಲ್ಲಿ ಸೊಳ್ಳೆಯ ಕಾಲಿಗೆ ಗೆಜ್ಜೆ ಆದೀತು. ಮಾಡಿಸು. ಮದುವೆಗೆ ಸೊಳ್ಳೆಗಳೂ ಬರ್ತಾವಲ್ಲ, ಗಿಲಿಗಿಲಿ ಅಂತ ಬರಲಿ."

ಭಾವ ಮೊದಲು ನಕ್ಕರು. ಆಮೇಲೆ ಅವಳು ನಕ್ಕಳು. ನಗುತ್ತಾ ನಗುತ್ತಾ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಅಳುತ್ತಿದ್ದಾಳೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಬೆಳ್ಳಿ ಅಂತ ನಾನು ಸಿಟ್ಟಲ್ಲಿ ಹೇಳಿದ್ದು. ನೀನು ಅದನ್ನೇ ಹಿಡ್ಕೊಂಡು ಕಲ್ಕತ್ತೆಗೆ ಹೋದೆ. ಉಮ್ಮ ಹೋಗುವಾಗ ಎಂತ ಹೇಳಿದ್ರು ಅಂತ ಒಂದು ದಿನ ಹೇಳಿದ್ದುಂಟಾ ನೀನು? ನನ್ನ ಹೆಸರು ಬಂತಾ, ಇಲ್ವಾ? ಅದೊಂದೇ ನನಗೆ ಬೇಕಿದ್ದದ್ದು. ನೀನು ಕಲ್ಲು ತೋರಿಸಿದೆ."

ಶಂಕರ, ಅವಳು ಕೇಳಬಾರದೆಂದು ನಾನು ಬೇಡಿಕೊಳ್ಳುತ್ತಿದ್ದದ್ದು ಅದನ್ನೇ. ಆ ದಿನ ಕುಮಾರಧಾರೆ ಉಕ್ಕಿ ಬಸ್ಸು ಆಚೆ ದಡದಲ್ಲಿ ನಿಂತಿತ್ತು. ಅವಳು ಬಸ್ಸಿನೊಳಗೆ ಕೂತಿದ್ದಳು. ಇಲ್ಲಿ ಉಮ್ಮ ಅಂಗಳದಲ್ಲಿ ಯಾರ ಹೆಜ್ಜೆ ಕೇಳಿದರೂ "ಪಾತು ಬಂದಳಾ?" ಎನ್ನುತ್ತಿದ್ದರು. ಬಂದದ್ದು ನೆರೆಯವರು, ಮಸೀದಿಯ ಮುಸ್ಲಿಯಾರರು, ಬೇರೆ ಯಾರೋ. ಮಾತು ನಿಲ್ಲುವವರೆಗೂ ಅದೇ ಪ್ರಶ್ನೆ. ಇದನ್ನು ಕೇಳಿದರೆ ಅವಳು ಬದುಕಿರುವವರೆಗೂ ಆ ಹೊಳೆಯನ್ನು ಮರೆಯಲಾರಳು ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಹೆಸರು ಉಮ್ಮ ಆ ದಿನ ಹೇಳಲೇ ಇಲ್ಲ. ಹತ್ತಿರ ಇದ್ದವನನ್ನು ಯಾಕೆ ಕರೆಯಬೇಕು? ಕಲ್ಲು ನನ್ನ ಕೈಗೆ ಬಂದದ್ದೂ ಹತ್ತಿರ ಇದ್ದೆನೆಂಬ ಒಂದೇ ಕಾರಣಕ್ಕೆ.

ಎಲ್ಲ ಹೇಳಿದೆ. ಅವಳು ನಾನು ತಂದಿದ್ದ ಗಾಜಿನ ಬಿಲ್ಲೆ ತೆಗೆದುಕೊಂಡು, ಅಂಗಳಕ್ಕಿಳಿದು ಬಿಸಿಲಿಗೆ ಹಿಡಿದು ನೋಡುತ್ತಾ ನಿಂತಳು. ಗಾಜಿನ ಪೆಟ್ಟಿಗೆಯ ವಿಷಯ ಹೇಳಿದೆ, ನಿನ್ನ ವಿಳಾಸ ಕೊಟ್ಟು ಬಂದೆ. ಮದುವೆಗೆ ಬಾ ಎಂದೆ. ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ.

ನೀನು ಆ ನಾಲ್ಕು ಸಾಲು ತೆಗೆದಿದ್ದರೆ ಅವಳು ನಗುತ್ತಿರಲಿಲ್ಲ. ನಗದಿದ್ದರೆ ಅಳುತ್ತಿರಲಿಲ್ಲ. ನನ್ನ ಮಾತು ಕೇಳದ ನಿನಗೆ ಅಲ್ಲಾಹು ಒಳ್ಳೆಯದು ಮಾಡಲಿ.

ಮೂಸಕುಂಞಿ


ಕಡಬ
೨–೪–೧೯೬೪

ಗೌರೀಶಂಕರ ಅವರಿಗೆ ಪಾತುವಿನ ಸಲಾಂ.

ನಾನು ಪಂಜದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತವಳು. ಅಕ್ಷರ ದೊಡ್ಡದಾಗಿ ಬರುತ್ತದೆ, ತಪ್ಪಿದ್ದರೆ ಸರಿಮಾಡಿಕೊಂಡು ಓದಿ. ತಮ್ಮನ ಹತ್ತಿರ ಬರೆಸಬಹುದಿತ್ತು. ಅವನು ನನ್ನ ಮಾತಿಗೆ ತನ್ನದೂ ಸೇರಿಸುತ್ತಾನೆ.

ನಫೀಸಳ ಕೈಗೆ ಮದರಂಗಿ ಇಟ್ಟೆ. ಹುಡುಗಿಯ ಕೈ ಉಮ್ಮನ ಕೈಯ ಹಾಗೆಯೇ ಉಂಟು, ಚಿಕ್ಕ ಬೆರಳು ಸ್ವಲ್ಪ ಡೊಂಕು. ಹೆಂಗಸರು ಹಾಡುತ್ತಿದ್ದರು. ನನ್ನ ತಮ್ಮ ಹೊರಗೆ ನಿಂತು ಬಾಗಿಲ ಸಂದಿಯಲ್ಲಿ ನೋಡಿ ಅತ್ತನಂತೆ, ಆಮೇಲೆ ಹೊಗೆ ಎಂದನಂತೆ. ಆ ದಿನ ಒಲೆ ಇದ್ದದ್ದು ಮನೆಯ ಹಿಂದೆ.

ನೀವು ಇದ್ದದ್ದನ್ನು ಇದ್ದ ಹಾಗೆ ಬರೆದಿರಿ. ಅದಕ್ಕೆ ನಾನು ನಿಮ್ಮನ್ನು ದಿನಾ ನೆನೆಯುತ್ತೇನೆ. ನನಗೂ ಯಾರಾದರೂ ಹಾಗೆ ಹೇಳಲಿ ಎಂದು ಒಂದೂವರೆ ವರ್ಷ ಕಾದಿದ್ದೆ. ಹೊಳೆ ಕಂಡಾಗ ಸಂಕಟವಾಗುವುದು ಹೌದು. ಆದರೆ ಉಮ್ಮ ನನ್ನನ್ನು ಕೇಳುತ್ತಾ ಇದ್ದರು ಎಂಬುದು ನನ್ನ ಹತ್ತಿರ ಉಂಟು ಈಗ.

ಕಲ್ಲು ನಿಮ್ಮಲ್ಲಿಯೇ ಇರಲಿ. ಅರ್ಧ ಅಲ್ಲ, ಪೂರ್ತಿ ಇರಲಿ. ತಮ್ಮನೂ ಒಪ್ಪಿದ್ದಾನೆ. ಆ ಗಾಜಿನ ಬಿಲ್ಲೆ ನಮಗೆ ಸಾಕು.

ಪಕ್ಕದಲ್ಲಿ ಹೆಸರು ಬರೆಯುತ್ತೀರಂತೆ. ನಮ್ಮ ಉಮ್ಮ ಪುತ್ತೂರಿನಿಂದ ಆಚೆ ಹೋದವರಲ್ಲ. ಅವರಿಗೆ ಓದು ಬರಹ ಇರಲಿಲ್ಲ, ಅವರ ಹೆಸರನ್ನು ಎಲ್ಲಿಯಾದರೂ ಬರೆದದ್ದನ್ನು ನಾನು ನೋಡಿಲ್ಲ. ಇದೇ ಮೊದಲು ಬರೆಯುವುದು. ಹಾಗಾಗಿ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ. ಅಲೀಮಮ್ಮ ಎಂದು ಬರೆಯುವಾಗ ಕೊನೆಯ ‘ಮ’ಕ್ಕೆ ಒತ್ತು ಉಂಟು. ಅದನ್ನು ಬಿಡಬೇಡಿ. ಬಿಟ್ಟರೆ ಹೆಸರಿನಲ್ಲಿ ಅಮ್ಮ ಇರುವುದಿಲ್ಲ.

ಇಂತು,
ಅಲೀಮಮ್ಮನ ಮಗಳು
ಪಾತು